ಗುಡ್ಡದಾರಿಯ ವಾಹನಗಳಿಗೆ ದೊಡ್ಡ ಟಯರು ಹಾಕುವ ವಿಚಾರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳಲ್ಲಿ ಅಡಿಕೆ ತೋಟಗಳು ಬಹುಮಟ್ಟಿಗೆ ಗುಡ್ಡಗಳ ನಡುವಣ ತಗ್ಗಿನಲ್ಲಿಯೂ, ರಬ್ಬರು ಮತ್ತು ಗೇರು ತೋಟಗಳು ಗುಡ್ಡದ ಇಳಿಜಾರಿನಲ್ಲಿಯೂ ಇರುವುವು. ಡಾಮರು ರಸ್ತೆಯನ್ನು ಬಿಟ್ಟ ಮೇಲೆ ತೋಟದ ಅಂಗಳದವರೆಗೆ ಇರುವ ದಾರಿಯು ಮುರಕಲ್ಲನ್ನು ಕಡಿದು ಮಾಡಿದ ಕಡಿದಾದ ಮಣ್ಣಿನ ದಾರಿಯೇ ಸರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಈ ದಾರಿಯ ಮೇಲ್ಮಣ್ಣು ಕೊಚ್ಚಿಹೋಗಿ, ಚಕ್ರ ಹೋಗುವ ಎರಡು ಸಾಲುಗಳು ಹೊಂಡವಾಗಿ, ನಡುವೆ ದಿಣ್ಣೆಯು ಎದ್ದು ನಿಲ್ಲುವುದು. ಗೊಬ್ಬರ, ಮೈಲುತುತ್ತು, ಸುಣ್ಣ, ಪಂಪು, ಅಡಿಕೆ ಮೂಟೆ ಮುಂತಾದುವನ್ನು ಸಾಗಿಸುವುದಕ್ಕೂ, ರೋಗಿಗಳನ್ನೂ ಮಕ್ಕಳನ್ನೂ ರಸ್ತೆಗೆ ತಲುಪಿಸುವುದಕ್ಕೂ ಜೀಪು, ಬೊಲೆರೊ, ಪಿಕಪ್ ಮೊದಲಾದ ವಾಹನಗಳೇ ಆಧಾರವಾಗಿರುವುವು.

ಇಂಥ ದಾರಿಯಲ್ಲಿ ವಾಹನದ ಹೊಟ್ಟೆಯು ನೆಲಕ್ಕೆ ತಗಲಿದಾಗ, ಅಥವಾ ಚಕ್ರವು ಕೆಸರಿನಲ್ಲಿ ತಿರುಗಿ ನಿಂತಲ್ಲಿಯೇ ನಿಂತಾಗ, ದೊಡ್ಡ ಟಯರು ಹಾಕಿಸಿದರೆ ಎಲ್ಲವೂ ಸರಿಯಾಗುವುದೆಂದು ಅನೇಕರು ಎಣಿಸುವರು. ಈ ಎಣಿಕೆಯು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ದೊಡ್ಡ ಟಯರಿನಿಂದ ದೊರೆಯುವ ಲಾಭವೆಷ್ಟು, ಉಂಟಾಗುವ ನಷ್ಟವೆಷ್ಟು, ಅದೇ ಲಾಭವನ್ನು ಬೇರೆ ಕ್ರಮದಿಂದ ಪಡೆಯಬಹುದೋ ಎಂಬುದನ್ನು ಲೆಕ್ಕಹಾಕಿ ತಿಳಿದ ಮೇಲೆ ಹಣ ತೆಗೆಯುವುದು ಯುಕ್ತ.

1. ಟಯರಿನ ಮೇಲಣ ಅಂಕೆಗಳನ್ನು ಓದುವ ಕ್ರಮ

ಪ್ರತಿ ಟಯರಿನ ಬದಿಯಲ್ಲಿ ಅದರ ಅಳತೆಯು ಅಚ್ಚಾಗಿರುವುದು. ಉದಾಹರಣೆಗೆ, ಬೊಲೆರೊ ವಾಹನಗಳಲ್ಲಿ ಸಾಮಾನ್ಯವಾಗಿ ಕಾಣುವ 215/75 ಆರ್ 15 ಎಂಬುದನ್ನು ತೆಗೆದುಕೊಳ್ಳಬಹುದು. ಇದರಲ್ಲಿ 215 ಎಂಬುದು ಟಯರಿನ ಅಗಲ, ಮಿಲಿಮೀಟರುಗಳಲ್ಲಿ. 75 ಎಂಬುದು ಟಯರಿನ ಗೋಡೆಯ ಎತ್ತರವು ಅಗಲದ ನೂರಕ್ಕೆ ಎಷ್ಟು ಪಾಲೆಂಬುದನ್ನು ತಿಳಿಸುವುದು. ಅಂದರೆ ಸುಮಾರು 161 ಮಿಲಿಮೀಟರು. ‘ಆರ್’ ಎಂಬುದು ರೇಡಿಯಲ್ ಜಾತಿಯ ಟಯರೆಂಬುದರ ಗುರುತು. 15 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಒಂದು ಅಂಗುಲಕ್ಕೆ 25.4 ಮಿಲಿಮೀಟರಿನಂತೆ 381 ಮಿಲಿಮೀಟರು. ಗೋಡೆಯ ಎತ್ತರವನ್ನು ಇಮ್ಮಡಿಸಿ ರಿಮ್ಮಿನ ವ್ಯಾಸಕ್ಕೆ ಕೂಡಿಸಿದರೆ ಟಯರಿನ ಪೂರ್ಣ ವ್ಯಾಸವು 703.5 ಮಿಲಿಮೀಟರೆಂದು ಸಿದ್ಧವಾಗುವುದು.

ಈ ಅಳತೆಯ ಮುಂದೆ 104 ಎಸ್ ಎಂಬಂಥ ಇನ್ನೊಂದು ಗುರುತಿರುವುದು. ಇದರ ಅಂಕೆಯು ಒಂದು ಟಯರು ಹೊರಬಲ್ಲ ಭಾರದ ಸಂಜ್ಞೆ. 100 ಎಂದರೆ 800 ಕಿಲೋ, 104 ಎಂದರೆ 900 ಕಿಲೋ, 112 ಎಂದರೆ 1,120 ಕಿಲೋ. ಅಕ್ಷರವು ವೇಗದ ಮಿತಿಯನ್ನು ತಿಳಿಸುವುದು. ಟಯರನ್ನು ಬದಲಾಯಿಸುವವರು ವ್ಯಾಸವನ್ನೇ ನೋಡಿ ಈ ಭಾರದ ಅಂಕೆಯನ್ನು ಮರೆಯುವುದುಂಟು. ನೋಟಕ್ಕೆ ದಪ್ಪನಾದ ಟಯರೆಲ್ಲ ಹೆಚ್ಚು ಭಾರ ಹೊರುವುದೆಂಬ ನಿಯಮವಿಲ್ಲ. ಮುಖ್ಯವಾಗಿ, ಮೂಟೆ ಹೊರುವ ಪಿಕಪ್‌ಗಳಿಗೆ ಕಾರಿನ ಜಾತಿಯ ಟಯರನ್ನು ಹಾಕಲೇ ಕೂಡದು.

ಟಯರು ತಯಾರಾದ ಕಾಲವೂ ಅದರ ಬದಿಯಲ್ಲಿ ನಾಲ್ಕು ಅಂಕೆಗಳಲ್ಲಿರುವುದು. 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರವೆಂದು ಅರ್ಥ. ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ಹಳೆಯ ದೊಡ್ಡ ಟಯರುಗಳನ್ನು ಕೊಳ್ಳುವವರು ಮೊದಲು ಇದನ್ನು ನೋಡತಕ್ಕದ್ದು. ಹಲ್ಲು ಸವೆಯದೆ ಇದ್ದರೂ ವರ್ಷಗಳು ಕಳೆದಂತೆ ರಬ್ಬರು ಗಡುಸಾಗಿ ಬಿರುಕುಬಿಡುವುದು.

2. ದೊರೆಯುವ ಲಾಭ

215/75 ಆರ್ 15ರ ಬದಲು 235/75 ಆರ್ 15 ಹಾಕಿದರೆ ವ್ಯಾಸವು 733.5 ಮಿಲಿಮೀಟರಾಗುವುದು, ಅಂದರೆ 30 ಮಿಲಿಮೀಟರು ಹೆಚ್ಚು. ಆದರೆ ಆಕ್ಸಲು ಇರುವುದು ಚಕ್ರದ ನಡುವಿನಲ್ಲಾದುದರಿಂದ ಅದು ನೆಲದಿಂದ ಏರುವುದು ಇದರ ಅರ್ಧದಷ್ಟು ಮಾತ್ರ, ಎಂದರೆ 15 ಮಿಲಿಮೀಟರು. ಇದು ಕಿರುಬೆರಳಿನ ದಪ್ಪಕ್ಕಿಂತ ಸ್ವಲ್ಪವೇ ಹೆಚ್ಚು.

2020ಕ್ಕಿಂತ ಹಿಂದಿನ ಥಾರ್ ಜೀಪುಗಳಲ್ಲಿ ಕಾಣುವ 235/70 ಆರ್ 16ರ ವ್ಯಾಸವು ಸುಮಾರು 735 ಮಿಲಿಮೀಟರು. ಅದರ ಬದಲು 245/75 ಆರ್ 16 ಹಾಕಿದರೆ 774 ಆಗುವುದು. 265/75 ಆರ್ 16 ಹಾಕಿದರೆ 804 ಆಗುವುದು. ಮೊದಲನೆಯದರಿಂದ ಆಕ್ಸಲು ಏರುವುದು 19 ಮಿಲಿಮೀಟರು, ಎರಡನೆಯದರಿಂದ 34 ಮಿಲಿಮೀಟರು.

ಈ ಲಾಭವು ಅಲ್ಪವಾದರೂ ನಿಜವಾದ ಲಾಭವೇ. ಸ್ಪ್ರಿಂಗಿಗೆ ತುಂಡುಗಳನ್ನು ಇಟ್ಟು ವಾಹನವನ್ನು ಎತ್ತರಿಸಿದಾಗ ಬೋಡಿ ಮಾತ್ರ ಏರುವುದು. ಹಿಂದಿನ ಆಕ್ಸಲೂ ಅದರ ನಡುವಿನ ಡಿಫರೆನ್ಶಿಯಲಿನ ಉಬ್ಬೂ ಮೊದಲಿದ್ದಲ್ಲಿಯೇ ಉಳಿಯುವುವು. ಕಲ್ಲಿಗೆ ಮೊದಲು ತಗಲುವುದು ಈ ಉಬ್ಬೇ ಆದುದರಿಂದ, ಅದನ್ನು ಏರಿಸಬಲ್ಲುದು ಟಯರೊಂದೇ. ಅಲ್ಲದೆ ದೊಡ್ಡ ಚಕ್ರವು ಸಣ್ಣ ಹೊಂಡದಲ್ಲಿ ಅಷ್ಟಾಗಿ ಇಳಿಯದೆ, ಕಲ್ಲಿನ ಮೆಟ್ಟಿಲನ್ನು ಸುಲಭವಾಗಿ ಹತ್ತುವುದು.

3. ಉಂಟಾಗುವ ನಷ್ಟ

ನೀರು ಸೇದುವ ರಾಟೆಯ ಗಾಲಿಯನ್ನು ದೊಡ್ಡದು ಮಾಡಿ, ಅಚ್ಚನ್ನು ಮೊದಲಿನ ಬಲದಿಂದಲೇ ತಿರುಗಿಸಿದರೆ ಹಗ್ಗವು ಬೇಗ ಬರುವುದು, ಆದರೆ ಅದರ ಎಳೆತವು ಕುಗ್ಗುವುದು. ಚಕ್ರದ ಸ್ಥಿತಿಯೂ ಇದೇ. ಎಂಜಿನು ಆಕ್ಸಲಿಗೆ ಕೊಡುವ ತಿರುಗುಬಲವು ಮೊದಲಿನಷ್ಟೇ ಇದ್ದು, ಚಕ್ರದ ವ್ಯಾಸವು ಹೆಚ್ಚಿದರೆ, ನೆಲದ ಮೇಲೆ ದೊರೆಯುವ ನೂಕು ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದು.

ಲೆಕ್ಕವು ಹೀಗಿದೆ. 735ರಿಂದ 804ಕ್ಕೆ ಏರಿಸಿದಾಗ ವ್ಯಾಸವು ನೂರಕ್ಕೆ 9ಕ್ಕಿಂತ ಸ್ವಲ್ಪ ಹೆಚ್ಚಾಗುವುದು. ಭಾರಸಹಿತ 2,200 ಕಿಲೋ ತೂಗುವ ವಾಹನವು ಏರಿನಲ್ಲಿ ಇನ್ನೂ ಸುಮಾರು 205 ಕಿಲೋ ಹೊತ್ತಂತೆ ನಡೆದುಕೊಳ್ಳುವುದು. ಎಂದರೆ 50 ಕಿಲೋ ತೂಕದ ನಾಲ್ಕು ಮೂಟೆಗಳನ್ನು ಬಾಡಿಗೆಯಿಲ್ಲದೆ ನಿತ್ಯವೂ ಹೊರಿಸಿದಂತಾಯಿತು. 703.5ರಿಂದ 733.5ಕ್ಕೆ ಏರಿಸಿದರೆ ಈ ಹೊರೆಯು ಎರಡು ಮೂಟೆಗಳಿಗೆ ಸ್ವಲ್ಪ ಕಡಿಮೆ. ಕಡಿದಾದ ಏರಿನಲ್ಲಿ ಚಾಲಕನು ಕ್ಲಚ್ಚನ್ನು ಅರ್ಧ ಒತ್ತಿ ವಾಹನವನ್ನು ಎಳೆಸಬೇಕಾಗಿ ಬಂದು, ಕ್ಲಚ್ಚಿನ ಹಲಗೆಯು ಬೇಗ ಸವೆಯುವುದಕ್ಕೆ ಇದೇ ಕಾರಣ.

ಏರಿಗಿಂತಲೂ ಇಳಿತದಲ್ಲಿಯೇ ಹೆಚ್ಚು ಜಾಗ್ರತೆ ಬೇಕು. ಏರಲಾರದ ವಾಹನವು ನಿಲ್ಲುವುದು. ತಡೆಯಲಾರದ ವಾಹನವು ನಿಲ್ಲದು. ಮೊದಲನೆಯ ಗಿಯರಿನಲ್ಲಿ ಇಳಿಸುವಾಗ ಎಂಜಿನು ವಾಹನವನ್ನು ಹಿಡಿದಿಡುವ ಬಲವೂ, ಬ್ರೇಕಿನ ಹಿಡಿತವೂ ಚಕ್ರವು ದೊಡ್ಡದಾದ ಪ್ರಮಾಣದಲ್ಲಿಯೇ ಕುಗ್ಗುವುವು. ಬ್ರೇಕನ್ನು ಹೆಚ್ಚು ಹೊತ್ತು ಒತ್ತಿಹಿಡಿಯಬೇಕಾಗಿ, ಅದು ಕಾದು ಹಿಡಿತವನ್ನು ಕಳೆದುಕೊಳ್ಳುವ ಭಯವುಂಟು. ಚಾರ್ಮಾಡಿ ಘಾಟಿಯಂಥ ಉದ್ದದ ಇಳಿತದಲ್ಲಿ ಮಾತ್ರವಲ್ಲ, ತೋಟಕ್ಕೆ ಇಳಿಯುವ ಗಿಡ್ಡ ದಾರಿಯಲ್ಲಿಯೂ ಈ ಮಾತು ಸಲ್ಲುವುದು. ಮೂಟೆಗಳ ಮೇಲೆ ಕೆಲಸದಾಳುಗಳನ್ನು ಕುಳ್ಳಿರಿಸಿಕೊಂಡು ಇಳಿಸುವ ಅಭ್ಯಾಸವು ಮೊದಲೇ ಅಪಾಯಕರವಾದುದು. ವಾಹನದ ಭಾರಕೇಂದ್ರವನ್ನು ಏರಿಸಿ, ಬ್ರೇಕಿನ ಹಿಡಿತವನ್ನು ಇಳಿಸಿದ ಮೇಲೆ ಅದು ಇನ್ನಷ್ಟು ಅಪಾಯಕರವಾಗುವುದು. ಆಳುಗಳ ಪ್ರಾಣಕ್ಕೆ ಯಜಮಾನನೇ ಹೊಣೆಯೆಂಬುದನ್ನು ಮರೆಯಬಾರದು.

ವೇಗಮಾಪಕವೂ ತಪ್ಪು ತೋರಿಸುವುದು. ನೂರಕ್ಕೆ 9 ಪಾಲು ದೊಡ್ಡ ಟಯರಿನಲ್ಲಿ ಮುಳ್ಳು 60 ತೋರಿಸುವಾಗ ನಿಜವಾದ ವೇಗವು ಮೊದಲಿಗಿಂತ ಐದು ಕಿಲೋಮೀಟರಿಗೂ ಹೆಚ್ಚು ಏರಿರುವುದು. ಓಡಿದ ದೂರವೂ ಕಡಿಮೆಯಾಗಿ ಕಾಣುವುದರಿಂದ ಎಣ್ಣೆ ಬದಲಾಯಿಸುವ ಗಡುವು ತಪ್ಪಿಹೋಗುವುದು. ಭಾರವಾದ ಟಯರು ಬೇರಿಂಗು, ಸ್ಟಿಯರಿಂಗಿನ ಕೀಲು, ಶಾಕ್ ಅಬ್ಸಾರ್ಬರು ಇವುಗಳನ್ನು ಬೇಗ ಸವೆಸುವುದು. ಟಯರನ್ನು ಹೊರಕ್ಕೆ ಚಾಚಿಸುವ ರಿಮ್ಮುಗಳನ್ನೂ, ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ಬಿಲ್ಲೆಗಳನ್ನೂ ಉಪಯೋಗಿಸಿದರೆ ಈ ಸವೆತವು ಮತ್ತಷ್ಟು ಹೆಚ್ಚುವುದು.

4. ಅಗಲವಾದುದೋ, ಎತ್ತರವಾದುದೋ?

ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿದ್ದ ಟಯರು 6.00-16 ಎಂಬ ಅಳತೆಯದು. ಅದರ ಅಗಲವು ಸುಮಾರು 6 ಅಂಗುಲ ಮಾತ್ರ. ಕೆಸರಿನಲ್ಲಿ ಓಡಬೇಕಾದ ಆ ವಾಹನಕ್ಕೆ ಇಷ್ಟು ಕಿರಿದಾದ ಟಯರೇ ಸಾಕಾಗಿತ್ತು. ಈ ಮೂರು ತಾಲೂಕುಗಳ ಗುಡ್ಡದಾರಿಯಲ್ಲಿಯೂ ಕೆಸರು ಹೆಚ್ಚಾಗಿ ಮೇಲಣ ಎರಡು ಮೂರು ಅಂಗುಲ ಮಾತ್ರ. ಅದರ ಕೆಳಗೆ ಗಟ್ಟಿಯಾದ ಮುರಕಲ್ಲು. ಇಂಥಲ್ಲಿ ಕಿರಿದಾದ ಟಯರು ಕೆಸರನ್ನು ಸೀಳಿ ಗಟ್ಟಿನೆಲವನ್ನು ಹಿಡಿಯುವುದು. ಅಗಲವಾದ ಟಯರು ಕೆಸರಿನ ಮೇಲೆಯೇ ತೇಲಿ ಜಾರುವ ಸಂಭವವುಂಟು. ಗದ್ದೆಯ ಮಣ್ಣಿನಂತೆ ಆಳದವರೆಗೆ ಮೆತ್ತಗಾದ ನೆಲದಲ್ಲಿ ಮಾತ್ರ ಅಗಲವಾದ ಟಯರೇ ಮೇಲು. ತನ್ನ ದಾರಿಯು ಯಾವ ಜಾತಿಯದೆಂಬುದನ್ನು ಕೃಷಿಕನು ಒಂದು ಕೋಲನ್ನು ಚುಚ್ಚಿ ನೋಡಿಯೇ ತಿಳಿಯಬಹುದು.

ಅನೇಕ ಕಡೆ ಜಾರಿಕೆಗೆ ಕಾರಣವು ಟಯರಿನ ಗಾತ್ರವಲ್ಲ, ಸವೆದ ಹಲ್ಲು. ರಸ್ತೆಯಲ್ಲಿ ಹೋಗುವುದಕ್ಕೆ ನಿಯಮವು ಕೇಳುವ ಹಲ್ಲಿನ ಆಳವು ಕನಿಷ್ಠ 1.6 ಮಿಲಿಮೀಟರು, ಕೆಸರಿನ ದಾರಿಗೆ ಇದು ಏನೇನೂ ಸಾಲದು. ಮೂಲದ ಅಳತೆಯಲ್ಲಿಯೇ ದಪ್ಪ ಹಲ್ಲಿನ ಹೊಸ ಟಯರನ್ನು ಮಳೆಗಾಲಕ್ಕೆ ಮುಂಚೆ ಹಾಕಿಸಿದರೆ, ದೊಡ್ಡ ಟಯರಿನಿಂದ ಬಯಸಿದ ಹಿಡಿತವು ಯಾವ ನಷ್ಟವೂ ಇಲ್ಲದೆ ಬಹುಮಟ್ಟಿಗೆ ದೊರೆಯುವುದು. ಆದರೆ ಬರೀ ಕೆಸರಿಗೆಂದೇ ಮಾಡಿದ ಬಿಡಿ ಬಿಡಿ ದಪ್ಪ ಹಲ್ಲಿನ ಟಯರು ಒದ್ದೆಯಾದ ಡಾಮರಿನ ಮೇಲೆ ಬ್ರೇಕು ಹಾಕಿದಾಗ ಹೆಚ್ಚು ದೂರ ಜಾರುವುದು. ದಿನವೂ ಪೇಟೆಗೆ ಹೋಗಿಬರುವವರಿಗೆ ಅದು ತಕ್ಕುದಲ್ಲ. ಪಾಚಿ ಹಿಡಿದ ಕಾಂಕ್ರೀಟು ದಾರಿಯಲ್ಲಿಯಂತೂ ಯಾವ ಹಲ್ಲೂ ಹಿಡಿಯದು. ಅಲ್ಲಿ ಪಾಚಿಯನ್ನು ಕೆರೆದು ತೆಗೆಯುವುದೊಂದೇ ಉಪಾಯ.

5. ಗಾಳಿಯ ಅಳತೆ

ಖರ್ಚಿಲ್ಲದ ಉಪಾಯವೊಂದುಂಟು, ಅದು ಗಾಳಿಯನ್ನು ಇಳಿಸುವುದು. ಒಂದು ಚಕ್ರದ ಮೇಲೆ 500 ಕಿಲೋ ಭಾರವಿದ್ದು ಗಾಳಿಯು ಚದರ ಅಂಗುಲಕ್ಕೆ 35 ಪೌಂಡು ಇದ್ದರೆ, ಟಯರು ನೆಲವನ್ನು ಮುಟ್ಟುವ ಜಾಗವು ಸುಮಾರು 200 ಚದರ ಸೆಂಟಿಮೀಟರು. ಗಾಳಿಯನ್ನು 20 ಪೌಂಡಿಗೆ ಇಳಿಸಿದರೆ ಅದು ಸುಮಾರು 350 ಚದರ ಸೆಂಟಿಮೀಟರಿನವರೆಗೆ ಹಿಗ್ಗುವುದು. ಟಯರಿನ ಗೋಡೆಯ ಬಿಗಿತದಿಂದ ಈ ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸ ಬಂದರೂ, ಹಿಡಿತವು ಎಷ್ಟು ಹೆಚ್ಚುವುದೆಂಬುದು ಇದರಿಂದ ಸ್ಪಷ್ಟವಾಗುವುದು.

ಇದಕ್ಕೆ ಮೂರು ಕಟ್ಟಳೆಗಳುಂಟು. ಗಾಳಿ ಇಳಿಸಿದ ವಾಹನದಲ್ಲಿ ಭಾರ ಹೇರಬಾರದು. ಅದನ್ನು ನಡಿಗೆಯ ವೇಗಕ್ಕಿಂತ ಹೆಚ್ಚಾಗಿ ಓಡಿಸಬಾರದು. ಡಾಮರು ರಸ್ತೆಗೆ ಬರುವ ಮೊದಲು ಗಾಳಿಯನ್ನು ಪುನಃ ತುಂಬಲೇಬೇಕು. ಆದಕಾರಣ ಗಾಳಿ ಅಳೆಯುವ ಕಡ್ಡಿಯೂ ಒಂದು ಸಣ್ಣ ಪಂಪೂ ವಾಹನದಲ್ಲಿ ಯಾವಾಗಲೂ ಇರತಕ್ಕದ್ದು. ಮುರಕಲ್ಲಿನ ಚೂಪಾದ ಅಂಚುಗಳಿರುವ ದಾರಿಯಲ್ಲಿ ಗಾಳಿಯನ್ನು ಇಳಿಸಲೇ ಬಾರದು. ಉಬ್ಬಿ ಹೊರಬಂದ ಗೋಡೆಯು ಕಲ್ಲಿಗೆ ತಗಲಿ ಸೀಳುವುದು, ಹಾಗೆ ಸೀಳಿದ ಗೋಡೆಗೆ ತೇಪೆಯು ನಿಲ್ಲದು.

6. ನಾಲ್ಕು ಚಕ್ರದ ಚಾಲನೆಯೂ ಟ್ರಾಕ್ಟರುಗಳೂ

ನಾಲ್ಕು ಚಕ್ರಗಳಿಗೂ ಚಾಲನೆಯಿರುವ ಜೀಪಿನಲ್ಲಿ ಹಣದ ಉಳಿತಾಯಕ್ಕಾಗಿ ಹಿಂದಿನ ಎರಡನ್ನು ಮಾತ್ರ ದೊಡ್ಡದು ಮಾಡುವುದು ದೊಡ್ಡ ತಪ್ಪು. ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಂದು ಸುತ್ತಿಗೆ ಬೇರೆ ಬೇರೆ ದೂರ ಹೋಗಬಯಸಿದಾಗ, ಅವುಗಳನ್ನು ಒಂದಕ್ಕೊಂದು ಬಿಗಿದಿರುವ ಟ್ರಾನ್ಸ್‌ಫರ್ ಪೆಟ್ಟಿಗೆಯ ಹಲ್ಲುಗಳು ಸೆಳೆತಕ್ಕೆ ಸಿಕ್ಕಿ ಮುರಿಯುವುವು. ಆದುದರಿಂದ ನಾಲ್ಕು ಟಯರುಗಳೂ ಒಂದೇ ಅಳತೆಯವೂ, ಒಂದೇ ಸಮನಾಗಿ ಸವೆದವೂ ಆಗಿರಬೇಕು. ಐದನೆಯ ಹೆಚ್ಚುವರಿ ಚಕ್ರವೂ ಅದೇ ಅಳತೆಯದಾಗಿರಬೇಕು. ಒಂದೇ ಆಕ್ಸಲಿನಲ್ಲಿ ರೇಡಿಯಲ್ ಟಯರನ್ನೂ ಹಳೆಯ ಜಾತಿಯ ನೈಲಾನು ಟಯರನ್ನೂ ಬೆರಸಕೂಡದು.

ನಾಲ್ಕು ಚಕ್ರದ ಚಾಲನೆಯುಳ್ಳ ಟ್ರಾಕ್ಟರಿನಲ್ಲಿ ಮುಂದಿನ ಮತ್ತು ಹಿಂದಿನ ಟಯರುಗಳು ಬೇರೆ ಅಳತೆಯವಾಗಿದ್ದರೂ, ಅವುಗಳ ನಡುವಣ ಪ್ರಮಾಣವನ್ನು ತಯಾರಕರು ಗಿಯರಿಗೆ ಹೊಂದಿಸಿರುವರು. ಹಿಂದಿನದನ್ನು ಮಾತ್ರ ಬದಲಾಯಿಸಿದರೆ ಈ ಪ್ರಮಾಣವು ಕೆಟ್ಟು ಅದೇ ಹಾನಿಯು ಸಂಭವಿಸುವುದು.

7. ತೋಡು ದಾಟುವ ಭ್ರಮೆ

ದೊಡ್ಡ ಟಯರು ಹಾಕಿಸಿದವರಲ್ಲಿ ಕೆಲವರಿಗೆ ಮಳೆಗಾಲದ ತೋಡನ್ನು ದಾಟುವ ಧೈರ್ಯ ಬರುವುದು. ಎಂಜಿನಿಗೆ ಗಾಳಿ ಸೇರುವ ಬಾಯಿಯು ಎಷ್ಟು ಎತ್ತರದಲ್ಲಿದೆಯೆಂಬುದರ ಮೇಲೆ ವಾಹನವು ದಾಟಬಲ್ಲ ನೀರಿನ ಆಳವು ನಿಲ್ಲುವುದೇ ಹೊರತು ಟಯರಿನ ಮೇಲಲ್ಲ. ಅಲ್ಲದೆ ಗಾಳಿ ತುಂಬಿದ ದೊಡ್ಡ ಟಯರು ಹರಿಯುವ ನೀರಿನಲ್ಲಿ ವಾಹನವನ್ನು ಮೇಲಕ್ಕೆತ್ತಿ ತೇಲಿಸುವ ಕಡೆಗೇ ಸಹಾಯ ಮಾಡುವುದು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನ ಗ್ರಾಮಗಳಲ್ಲಿ ತೋಡು ಹೊಳೆಗಳು ಒಮ್ಮೆಲೆ ಉಕ್ಕಿ ತೋಟಗಳನ್ನೂ ದಾರಿಗಳನ್ನೂ ಕೊಚ್ಚಿಕೊಂಡು ಹೋದುದನ್ನು ಕಂಡವರಿಗೆ ಈ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕೆಂಪುನೀರು ಹರಿಯುತ್ತಿರುವಾಗ ಕಾಯುವುದೇ ಜಾಣತನ.

8. ಕಾನೂನು ಮತ್ತು ವಿಮೆ

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲತಃ ನಿರ್ದೇಶಿಸಿದುದಕ್ಕೂ ನೋಂದಣಿ ಪತ್ರದಲ್ಲಿ ಕಾಣಿಸಿದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಈ ನಿಯಮವನ್ನು ಎತ್ತಿಹಿಡಿದಿರುವುದು. ಆದುದರಿಂದ ವಾಹನದ ಕೈಪಿಡಿಯಲ್ಲಿ ತಯಾರಕರೇ ಒಪ್ಪಿರುವ ಅಳತೆಗಳೊಳಗೆ ಆರಿಸುವುದು ಸುರಕ್ಷಿತ. ಅದನ್ನು ಮೀರುವ ಮೊದಲು ಸಾರಿಗೆ ಕಛೇರಿಯಲ್ಲಿ ವಿಚಾರಿಸಿ ಬರಹದಲ್ಲಿ ತಿಳಿದುಕೊಳ್ಳತಕ್ಕದ್ದು. ವಿಮಾ ಕಂಪೆನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಕಾಲದಲ್ಲಿ ತಕರಾರಿಗೆ ಎಡೆಮಾಡುವುದು.

9. ಮೊದಲು ದಾರಿಯನ್ನು ನೋಡಿರಿ

ಬೊಲೆರೊಕ್ಕೆ ದೊಡ್ಡ ಟಯರು ಹಾಕಿದರೆ ಆಕ್ಸಲು ಏರುವುದು 15 ಮಿಲಿಮೀಟರೆಂದು ಮೇಲೆ ಹೇಳಿದೆ. ದಾರಿಯ ನಡುವಣ ದಿಣ್ಣೆಯನ್ನು ಹಾರೆ ಪಿಕ್ಕಾಸಿಗಳಿಂದ ನಾಲ್ಕು ಅಂಗುಲ ಕೆತ್ತಿದರೆ ದೊರೆಯುವ ಎತ್ತರವು 100 ಮಿಲಿಮೀಟರು. ಒಂದು ವಾಹನಕ್ಕೆ ಮಾಡಿದ ಖರ್ಚಿನಿಂದ ಒಬ್ಬನಿಗೇ ಪ್ರಯೋಜನ. ದಾರಿಗೆ ಮಾಡಿದ ಖರ್ಚಿನಿಂದ ಆ ದಾರಿಯಲ್ಲಿ ಹೋಗುವ ಎಲ್ಲ ಮನೆಗಳವರಿಗೂ ಪ್ರಯೋಜನ.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಮಾಡಬೇಕಾದ ಕೆಲಸಗಳು ಇವು. ಗುಡ್ಡದ ಕಡೆಯ ಚರಂಡಿಯನ್ನು ಬಿಡಿಸಿ, ನೀರು ದಾರಿಯ ಮೇಲೆ ಹರಿಯದಂತೆ ಮಾಡಬೇಕು. ಇಳಿತವು ಹೆಚ್ಚಾಗಿರುವಲ್ಲಿ ಅಲ್ಲಲ್ಲಿ ಓರೆಯಾಗಿ ಅಡ್ಡಕಣಿಗಳನ್ನು ತೋಡಿ ನೀರನ್ನು ಹೊರಕ್ಕೆ ಬಿಡಬೇಕು. ಚಕ್ರ ಹೋಗುವ ಎರಡು ಸಾಲುಗಳಿಗೆ ಮುರಕಲ್ಲಿನ ತುಂಡುಗಳನ್ನು ಒತ್ತಾಗಿ ಹಾಸಿ, ಚೂರುಕಲ್ಲು ಮಣ್ಣುಗಳಿಂದ ಸಂದುಗಳನ್ನು ತುಂಬಿ ಗಟ್ಟಿಮಾಡಬೇಕು. ದಿಣ್ಣೆಯನ್ನು ಕೆತ್ತಿ ತೆಗೆದ ಮಣ್ಣನ್ನು ಚರಂಡಿಗೆ ಹಾಕದೆ ಹೊಂಡಗಳಿಗೆ ಹಾಕಬೇಕು. ನೀರನ್ನು ಹೊರಕ್ಕೆ ಕಳುಹಿಸಿದ ದಾರಿಯು ಮಳೆಗಾಲವನ್ನು ತಾಳುವುದು. ನೀರೇ ದಾರಿಯಾದಲ್ಲಿ ಯಾವ ಟಯರೂ ತಾಳದು.

10. ಹಾಕಿಸುವುದೇ ಆದರೆ

ಇಷ್ಟೆಲ್ಲ ಮಾಡಿದ ಮೇಲೂ ಆಕ್ಸಲು ತಗಲುವುದಾದರೆ, ಮೇಲಿನ ಕಾನೂನಿಗೆ ಒಳಪಟ್ಟು ಒಂದು ಮೆಟ್ಟಿಲು ದೊಡ್ಡದಾದ ಟಯರನ್ನು ಆರಿಸಬಹುದು. ಆಗ ಅನುಸರಿಸತಕ್ಕ ಕ್ರಮವು ಹೀಗಿದೆ:

(ಅ) ಮೊದಲು ಹಳೆಯ ಟಯರಿನ ನಿಜವಾದ ಸುತ್ತಳತೆಯನ್ನು ತಿಳಿಯಬೇಕು. ಸಮನಾದ ಅಂಗಳದಲ್ಲಿ ಟಯರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿ, ಭಾರಸಹಿತ ವಾಹನವನ್ನು ಒಂದು ಸುತ್ತು ಉರುಳಿಸಿ, ನೆಲದ ಮೇಲಣ ದೂರವನ್ನು ಅಳೆಯಬೇಕು. ಹೊಸ ಟಯರಿಗೂ ಹೀಗೆಯೇ ಮಾಡಿ, ಎರಡರ ವ್ಯತ್ಯಾಸದಿಂದ ವೇಗಮಾಪಕದ ತಪ್ಪನ್ನು ಲೆಕ್ಕಹಾಕಿ ಚಾಲಕನ ಎದುರಿಗೆ ಬರೆದು ಅಂಟಿಸಬೇಕು.

(ಆ) ಭಾರದ ಅಂಕೆಯು ಹಳೆಯದಕ್ಕಿಂತ ಕಡಿಮೆಯಿರಕೂಡದು. ರಿಮ್ಮಿನ ಅಗಲವು ಆ ಟಯರಿಗೆ ಹೊಂದುವುದೋ ಎಂದು ಕೇಳಿ ತಿಳಿಯಬೇಕು.

(ಇ) ಹಾಕಿದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಒಂದು ಚಕ್ರವನ್ನು ಎತ್ತರದ ಮೇಲೆ ಹತ್ತಿಸಿ, ಭಾರ ಹೇರಿಯೂ ಹೇರದೆಯೂ, ಟಯರು ಬೋಡಿಗಾಗಲಿ ಬ್ರೇಕಿನ ಕೊಳವೆಗಾಗಲಿ ತಗಲುವುದೋ ನೋಡಬೇಕು. ಕೊಳವೆಗೆ ತಗಲಿದರೆ ಆ ಟಯರನ್ನು ಹಿಂದಕ್ಕೆ ಕೊಡತಕ್ಕದ್ದು.

(ಈ) ನೂರು ಕಿಲೋಮೀಟರು ಓಡಿದೊಡನೆ ನಟ್ಟುಗಳನ್ನು ಪುನಃ ಬಿಗಿಯಬೇಕು. ಚಕ್ರಗಳ ಜೋಡಣೆಯನ್ನು ಸರಿಪಡಿಸಿಕೊಳ್ಳಬೇಕು.

(ಉ) ಮೊದಲ ಇಳಿತವನ್ನು ಬರಿದಾದ ವಾಹನದಲ್ಲಿ, ಒಣಗಿದ ದಾರಿಯಲ್ಲಿ ಇಳಿಸಿ ಬ್ರೇಕನ್ನು ಪರೀಕ್ಷಿಸಬೇಕು. ಆಮೇಲೆಯೂ ಹೊರೆಯನ್ನು ಮೊದಲಿಗಿಂತ ಎರಡು ಮೂಟೆಯಾದರೂ ಕಡಿಮೆಮಾಡುವುದು ವಿವೇಕ.

ಗ್ರಾಮದ ಮುಖಂಡರು ತಮ್ಮ ತಮ್ಮ ಗ್ರಾಮಗಳಲ್ಲಿ ವಾಹನವುಳ್ಳವರಿಗೆ ಈ ಲೆಕ್ಕವನ್ನು ತಿಳಿಯಹೇಳಿ, ಮೇ ತಿಂಗಳ ಮೊದಲ ವಾರದಲ್ಲಿ ಪ್ರತಿ ತೋಟದ ದಾರಿಯನ್ನೂ ನಡೆದು ನೋಡುವಂತೆ ಪ್ರೇರಿಸಿದರೆ ಬಹು ಉಪಕಾರವಾಗುವುದು. ದಾರಿಯ ಚರಂಡಿ, ನಡುವಣ ದಿಣ್ಣೆ, ಟಯರಿನ ಹಲ್ಲು, ಗಾಳಿಯ ಅಳತೆ, ಬ್ರೇಕು ಈ ಐದನ್ನು ಕ್ರಮವಾಗಿ ಸರಿಪಡಿಸಿದವರಲ್ಲಿ ಹೆಚ್ಚಿನವರಿಗೆ ದೊಡ್ಡ ಟಯರಿನ ಅಗತ್ಯವೇ ಬೀಳದು. ಬಿದ್ದವರಿಗೂ ಅದು ಕೊನೆಯ ಉಪಾಯವಾಗಿರಬೇಕೇ ಹೊರತು ಮೊದಲನೆಯದಾಗಬಾರದು.